ಸುಣ್ಣದ ಗೆರೆ ಮುಚ್ಚಿದವನು

ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಅವನ ಬ್ಯಾನರ್ ಕಟ್ಟಿದ್ದಾರೆ. ಫೋಟೋದಲ್ಲಿ ತಲೆ ಬಾಚಿಕೊಂಡಿದ್ದಾನೆ. ಬದುಕಿದ್ದಾಗ ಬಾಚಿದ್ದನ್ನು ನಾನು ಕಂಡಿಲ್ಲ. ಕೆಳಗೆ ‘ಮೃದುಭಾಷಿ, ಸರಳಜೀವಿ, ಎಂದೂ ಸುಳ್ಳಾಡದ ಸಜ್ಜನ’ ಅಂತ ಬರೆಸಿದ್ದಾರೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಓದಿ ಮುಗಿಸುವಷ್ಟರಲ್ಲಿ ಸಿಟ್ಟು ನೆತ್ತಿಗೆ ಹತ್ತಿತ್ತು.

ಮೃದುಭಾಷಿಯಂತೆ! ಅವನು ಬಾಯಿ ಬಿಟ್ಟರೆ ಶೆಡ್ಡಿನ ಮಾಡಿನ ಮೇಲಿನ ಕಾಗೆ ಹಾರಿಹೋಗುತ್ತಿತ್ತು. ಅದನ್ನು ಬೇಕಾದರೆ ಬಿಟ್ಟುಬಿಡೋಣ, ಬ್ಯಾನರಿನವರಿಗೆ ಬೇರೆ ಶಬ್ದ ಸಿಕ್ಕಿರಲಿಕ್ಕಿಲ್ಲ. ಆದರೆ ಎಂದೂ ಸುಳ್ಳಾಡದ? ಅವನು ಆಡಿದ ಒಂದು ಸುಳ್ಳಿನಿಂದ ನನ್ನ ಕೆಲಸ ಹೋಯಿತು, ಹೆಸರು ಹೋಯಿತು. ಭಟ್ಕಳದಿಂದ ಕುಮಟೆಯ ತನಕ ಯಾವ ವೆಲ್ಡಿಂಗ್ ಶೆಡ್ಡಿಗೆ ಹೋದರೂ ನಾನು ‘ಗೆರೆ ಒರೆಸಿದ ನಾಗಕ್ಕ’. ನಾನು ಯಾವ ಗೆರೆಯನ್ನೂ ಒರೆಸಿದವಳಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತ ನನಗೆ ಬುದ್ಧಿ ಹೇಳಿದವರು ಬಹಳ. ನಾನು ಒಂದೊಂದೇ ಅಕ್ಷರ ಕೂಡಿಸಿಯಾದರೂ ಇದ್ದದ್ದನ್ನು ಬರೆಯುತ್ತೇನೆ. ಒಳ್ಳೆಯದು ಇದ್ದರೆ ಅದರೊಳಗೇ ಬರಲಿ. ಅವನ ಹೆಸರು ಮಾತ್ರ ಬರೆಯುವುದಿಲ್ಲ. ಬ್ಯಾನರಿನಲ್ಲಿ ಬೇಕಾದಷ್ಟು ದೊಡ್ಡದಾಗಿ ಬರೆದದ್ದಾಗಿದೆ.

ಅವನು ಪೈಪಿನ ವೆಲ್ಡರ್. ಕಿಟಕಿ ಸರಳು, ಗೇಟು ಮಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ‘ಕೋಳಿ ಗೂಡಿನವರು’ ಅನ್ನುತ್ತಿದ್ದ. ಐಸ್ ಫ್ಯಾಕ್ಟರಿ, ಮೀನಿನ ಫ್ಯಾಕ್ಟರಿ, ಬಾಯ್ಲರ್ ಇದ್ದ ಕಡೆ ಉಗಿ ಹೋಗುವ, ಗ್ಯಾಸ್ ಹೋಗುವ ದಪ್ಪ ಪೈಪುಗಳನ್ನು ಕೂಡಿಸುವುದು ಅವನ ಕೆಲಸ. ಅದರಲ್ಲೂ ಬ್ರಾಂಚ್ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ದೊಡ್ಡ ಪೈಪಿನಿಂದ ಸಣ್ಣ ಪೈಪು ಕವಲೊಡೆಯಬೇಕಾದರೆ, ದೊಡ್ಡದಕ್ಕೆ ತೂತು ಕೊರೆದು ಅದರ ಬಾಯಿಗೆ ಒಂದು ದಪ್ಪ ಕಬ್ಬಿಣದ ಕುತ್ತಿಗೆ ಕೂರಿಸಬೇಕು. ಗಿಂಡಿಯ ಕುತ್ತಿಗೆಯ ಹಾಗೆ ಇರುತ್ತದೆ, ಬುಡ ಅಗಲ. ಆ ಬುಡದ ಸುತ್ತ ಅವನು ವೆಲ್ಡಿಂಗ್ ಎಳೆದನೆಂದರೆ ಜಡೆ ಹೆಣೆದ ಹಾಗೆ ಕಾಣುತ್ತಿತ್ತು. ಅದು ಸುಳ್ಳಲ್ಲ. ಅವನಿಗೂ ಅದು ಚೆನ್ನಾಗಿ ಗೊತ್ತಿತ್ತು. ಉಳಿದ ವೆಲ್ಡರುಗಳು ಮುಖವಾಡ ಎತ್ತಿದರೆ ಮೊದಲು ವೆಲ್ಡಿಂಗ್ ನೋಡುತ್ತಾರೆ. ಇವನು ಮುಖವಾಡ ಎತ್ತಿದರೆ ಸುತ್ತ ನಿಂತವರ ಮುಖ ನೋಡುತ್ತಿದ್ದ. ಯಾರೂ ನಿಂತಿರದಿದ್ದರೆ ನನ್ನ ಮುಖ. ನಾನು ಎಂತದೂ ಹೇಳುತ್ತಿರಲಿಲ್ಲ. ಅದಕ್ಕೂ ಬೈಗುಳ ಬೀಳುತ್ತಿತ್ತು.

ನಾನು ಅವನ ಕೈಕೆಳಗೆ ಬಂದದ್ದು ರಸ್ತೆ ಕೆಲಸದಿಂದ. ಗಂಡ ಸತ್ತ ಮೇಲೆ ಜಲ್ಲಿ ಹೊರುತ್ತಿದ್ದೆ. ಭಟ್ಕಳದ ಹತ್ತಿರ ಲಾರಿಯಿಂದ ಪೈಪು ಇಳಿಸುವಾಗ ಗಂಡಸರು ಸಾಲದೆ ನಾನು ಒಂದು ತುದಿ ಹಿಡಿದೆ. ಅವನು ಲಾರಿ ಪಕ್ಕ ನಿಂತು ಬೀಡಿ ಸೇದುತ್ತಿದ್ದ.

“ಏ, ನಿನ್ನ ಹೆಸರೆಂತ?”

“ನಾಗಿ.”

“ಕೈ ನಡುಗೋದಿಲ್ಲ ನಿಂದು. ನಾಳೆಯಿಂದ ನನ್ನಲ್ಲಿಗೆ ಬಾ.”

ಬರ್ತೀಯಾ ಅಂತ ಕೇಳುವುದು ಅವನ ಜಾತಕದಲ್ಲೇ ಇರಲಿಲ್ಲ. ನಾನು ಹೋದೆ. ಬಿಸಿಲಲ್ಲಿ ಜಲ್ಲಿ ಹೊರುವುದಕ್ಕಿಂತ ನೆರಳಲ್ಲಿ ಬೈಗುಳ ತಿನ್ನುವುದು ವಾಸಿ ಅನ್ನಿಸಿತು. ಕೆಲಸ ಬೇಕಿದ್ದಾಗ ‘ನಾಗಕ್ಕಾ’ ಅನ್ನುವನು, ಮುಗಿದ ಮೇಲೆ ‘ಏ ಮುದುಕಿ’. ಆಗ ನಾನೇನೂ ಮುದುಕಿ ಆಗಿರಲಿಲ್ಲ. ಅವನಿಗಿಂತ ನಾಲ್ಕು ಮಳೆಗಾಲ ಹೆಚ್ಚು ಕಂಡಿದ್ದೆ, ಅಷ್ಟೇ.

ಮಳೆಗಾಲದಲ್ಲಿ ವೆಲ್ಡಿಂಗ್ ರಾಡು ತೇವ ಹೀರುತ್ತದೆ. ತೇವದ ರಾಡಿನಲ್ಲಿ ಮಾಡಿದ ಕೆಲಸ ಒಳಗೊಳಗೇ ತೂತು. ಅದಕ್ಕೆ ಅವನು ರಾಡಿನ ಕಟ್ಟುಗಳನ್ನು ನನ್ನ ಮನೆಗೆ ಕಳಿಸುತ್ತಿದ್ದ. ಒಲೆಯ ಮೇಲೆ ನಾನು ಒಣಮೀನು ಇಡುವ ಅಟ್ಟ ಇತ್ತು, ರಾಡೂ ಅಲ್ಲೇ. ಬೆಳಿಗ್ಗೆ ಬೆಚ್ಚಗೆ ತೆಗೆದು ಗೋಣಿಯಲ್ಲಿ ಸುತ್ತಿ ಒಯ್ಯುತ್ತಿದ್ದೆ. ಒಮ್ಮೆ ಭಟ್ಕಳದ ಐಸ್ ಫ್ಯಾಕ್ಟರಿಯಲ್ಲಿ ಅವನು ರಾಡು ಹಚ್ಚಿದ್ದೇ ತಡ, ಅಲ್ಲಿಯ ಸಾಬರೊಬ್ಬರು ಮೂಗು ಅರಳಿಸಿಕೊಂಡು ಬಂದರು.

“ಉಸ್ತಾದ್, ಎಂತ ಸುಡ್ತಾ ಇದ್ದೀರಿ? ಪೈಪಾ, ಬಾಂಗಡೆ ಮೀನಾ?”

ಎಲ್ಲರೂ ನಕ್ಕರು. ಅವನು ಮುಖವಾಡ ಇಳಿಸಿ ಕೆಲಸ ಮುಂದುವರಿಸಿದ. ಸಂಜೆ ಮತ್ತೆ ರಾಡಿನ ಕಟ್ಟು ಕೈಗಿಟ್ಟ. “ಮೀನು ಬೇರೆ ಕಡೆ ಇಡು,” ಅಂದ. ನನ್ನ ಮನೆಯಲ್ಲಿ ನನ್ನ ಮೀನು ಬೇರೆ ಕಡೆ ಇಡಬೇಕಂತೆ. ಇಡಲಿಲ್ಲ.

ಈಗ ಗೆರೆಯ ಮಾತಿಗೆ ಬರುತ್ತೇನೆ. ದೊಡ್ಡ ಪೈಪು ಅಂದರೆ ಕಬ್ಬಿಣದ ಹಾಳೆಯನ್ನು ಸುತ್ತಿ ಅಂಚಿಗೆ ಅಂಚು ಬೆಸೆದದ್ದು. ಹಾಗಾಗಿ ಉದ್ದಕ್ಕೂ ಒಂದು ಹೊಲಿಗೆ ಇರುತ್ತದೆ. ಬ್ರಾಂಚ್ ಕೂರಿಸುವಾಗ ಆ ಹೊಲಿಗೆಯನ್ನು ತಪ್ಪಿಸಿ ಕೂರಿಸಬೇಕು. ಯಾಕೆ ಅಂತ ನಾನು ಮೊದಲ ವಾರವೇ ಕೇಳಿದ್ದೆ. ಅವನು ನನ್ನ ಕುಪ್ಪಸದ ತೋಳು ತೋರಿಸಿದ.

“ಆ ತೋಳು ಹೊಲಿದ ಜಾಗದ ಮೇಲೇ ಮತ್ತೆ ಹೊಲಿದು ಒಂದು ಜೇಬು ಹಚ್ಚಿದ್ರೆ ಎಂತ ಆಗ್ತದೆ?”

“ಬಟ್ಟೆ ಸೋಲ್ತದೆ.”

“ಕಬ್ಬಿಣಾನೂ ಸೋಲ್ತದೆ. ನೀರು ತುಂಬಿಸಿ ಪರೀಕ್ಷೆ ಮಾಡುವಾಗ ತಡೀಬಹುದು. ಆಮೇಲೆ ದಿನಾ ಬಿಸಿ, ದಿನಾ ತಣ್ಣಗೆ. ಹಿಗ್ಗಿ ಕುಗ್ಗಿ ಒಂದು ದಿನ ಬಾಯಿ ಬಿಡ್ತದೆ. ಕೆಳಗಿದ್ದವರು ಬೆಂದು ಹೋಗ್ತಾರೆ.”

ಅಷ್ಟು ಹೇಳಿದವನು ಅವನೇ. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕಡಲಬದಿಯಲ್ಲಿ ಪೈಪನ್ನು ಬರಿಮೈಯಲ್ಲಿ ಇಡುವ ಹಾಗಿಲ್ಲ, ಉಪ್ಪುಗಾಳಿಗೆ ಬೆಳಗಾಗುವುದರೊಳಗೆ ತುಕ್ಕು. ಲಾರಿಯಿಂದ ಇಳಿಸಿದ ಕೂಡಲೇ ಕೆಂಪು ಬಣ್ಣ ಬಳಿಯುವುದು ರೂಢಿ. ಬಣ್ಣ ಬಿದ್ದರೆ ಹೊಲಿಗೆ ಕಾಣುವುದಿಲ್ಲ. ಬಳಿಯುವ ಮೊದಲೇ ಪೈಪಿನ ಎರಡೂ ತುದಿಯಲ್ಲಿ ಉಗುರಿನಿಂದ ತಡವಿ ಹೊಲಿಗೆ ಹುಡುಕುವುದು ನನ್ನ ಕೆಲಸ. ಬಣ್ಣ ಒಣಗಿದ ಮೇಲೆ ಅದರ ಮೇಲೆ ಗುರುತು ಬೇಕಲ್ಲ? ಸೀಮೆಸುಣ್ಣ ಹಾಕಿದರೆ ಮಳೆಗೆ ತೊಳೆದು ಹೋಗುತ್ತಿತ್ತು. ಒಂದು ದಿನ ಎಲೆಯಡಿಕೆ ಹಾಕುತ್ತಿದ್ದೆ, ಬೆರಳಲ್ಲಿ ಸುಣ್ಣ ಇತ್ತು. ಅದನ್ನೇ ಹೊಲಿಗೆಯ ಉದ್ದಕ್ಕೂ ಎಳೆದೆ. ಕೆಂಪಿನ ಮೇಲೆ ಬಿಳಿ ಗೆರೆ, ಒಣಗಿದ ಮೇಲೆ ಉಜ್ಜಿದರೂ ಬೇಗ ಹೋಗುವುದಿಲ್ಲ. ಅವನು ನೋಡಿದ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಾರ ಕಳೆಯುವುದರೊಳಗೆ ಹೊನ್ನಾವರದ ಗುತ್ತಿಗೆದಾರನ ಎದುರು, “ಇದು ನನ್ನ ಪದ್ಧತಿ, ಸುಣ್ಣದ ಗೆರೆ,” ಅನ್ನುತ್ತಿದ್ದ. ಸುಣ್ಣ ನನ್ನದು, ಬೆರಳು ನನ್ನದು, ಪದ್ಧತಿ ಅವನದು!

ಇನ್ನೊಬ್ಬರು ತಪ್ಪಿದರೆ ಅವನನ್ನು ಹಿಡಿಯುವವರಿಲ್ಲ. ಭಟ್ಕಳದಲ್ಲಿ ಅವನದೇ ವಯಸ್ಸಿನ ಒಬ್ಬ ವೆಲ್ಡರ್ ಹೊಲಿಗೆಯ ಮೇಲೆ ಬ್ರಾಂಚ್ ಕೂರಿಸಿದ್ದ. ಇವನು ಸುತ್ತಿಗೆಯಲ್ಲಿ ಅದನ್ನು ಕುಟ್ಟಿ, ಜನ ಸೇರಿಸಿ, “ನೋಡಿ, ಇವನು ಪೈಪು ಕಟ್ಟಿದ್ದಲ್ಲ, ಚಟ್ಟ ಕಟ್ಟಿದ್ದು,” ಅಂದ. ಆ ಮನುಷ್ಯ ತಲೆ ಎತ್ತದೆ ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ. ಮತ್ತೆ ಆ ಕಡೆ ಕಾಣಲಿಲ್ಲ. ಹೇಳಿದ್ದು ತಪ್ಪಲ್ಲ, ಹಾಗೆ ಹೇಳಬೇಕಾಗಿರಲಿಲ್ಲ. ಊರಿಗೆಲ್ಲ ಹೀಗೆ ಹೇಳಿ ಹೇಳಿ ತಾನು ತಪ್ಪುವುದಕ್ಕೆ ಜಾಗವೇ ಇಲ್ಲದ ಹಾಗೆ ಮಾಡಿಕೊಂಡಿದ್ದ.

ಜಾಗ ಇಲ್ಲದಿದ್ದರೂ ತಪ್ಪಿದ. ಕುಮಟೆಯ ಆಚೆ, ಬಾಡದ ದಾರಿಯಲ್ಲಿ ಒಂದು ಫ್ಯಾಕ್ಟರಿ. ಶೆಟ್ಲಿಯನ್ನು, ಪೇಟೆಯವರು ಸಿಗಡಿ ಅನ್ನುತ್ತಾರೆ, ಸುಲಿದು ಉಗಿಯಲ್ಲಿ ಬೇಯಿಸುವ ಕೆಲಸ ಅಲ್ಲಿ. ನನ್ನ ಮಗಳು ಅಲ್ಲೇ ಸುಲಿಯುವವಳು. ದೋಣಿ ಕಡಲಿಗೆ ಇಳಿಯುವ ಹಾಗಿಲ್ಲದ ಮಳೆಗಾಲದ ದಿನಗಳು, ಫ್ಯಾಕ್ಟರಿ ನಿಂತಿತ್ತು. ಸುಲಿಯುವ ಮೇಜುಗಳ ಮೇಲಿನಿಂದ ಹೊಸ ಉಗಿ ಪೈಪು ಎಳೆಯಬೇಕು, ಹಂಗಾಮು ಶುರುವಾಗುವುದರೊಳಗೆ ಮುಗಿಯಬೇಕು. ಹೊನ್ನಾವರದ ಅದೇ ಗುತ್ತಿಗೆದಾರನ ಕೆಲಸ, ಅವನ ವೆಲ್ಡಿಂಗ್, ನನ್ನ ಗೆರೆ.

ಗೆರೆ ಎಳೆದಿಟ್ಟಿದ್ದೆ. ಆ ವಾರ ಗಾಳಿ ಜೋರಿತ್ತು, ಅಂಗಳದಲ್ಲಿದ್ದ ಪೈಪುಗಳ ಬಣ್ಣದ ಅಡಿಯಿಂದ ತುಕ್ಕು ಇಣುಕಿತು. “ಇನ್ನೊಂದು ಕೈ ಬಣ್ಣ ಹೊಡೀರಿ,” ಅಂತ ಅವನೇ ಹೇಳಿದ. ಬಣ್ಣದವರು ಗೆರೆ ಸಮೇತ ಬಳಿದುಬಿಟ್ಟರು. ನಾನು ಸುಣ್ಣದ ಡಬ್ಬಿ ಹಿಡಿದು ಹೋದೆ.

“ತುದಿ ಕೆರೆದು ಹೊಲಿಗೆ ಹುಡುಕ್ತೆ. ಮತ್ತೆ ಗೆರೆ ಎಳೀಬೇಕಲ್ಲ?”

“ಬ್ಯಾಡ. ಹೊಸ ಬಣ್ಣ ಕೆರೀಬ್ಯಾಡ. ಯಾವ ಪೈಪಿನ ಹೊಲಿಗೆ ಎಲ್ಲಿ ಅಂತ ನನ್ನ ತಲೇಲಿದೆ.”

“ತಲೇಲಿದ್ರೆ ಆತಾ? ಪೈಪಿನ ಮೇಲೆ ಇರಲಿ.”

“ನೀನು ನನಗೆ ಕಲಿಸ್ತೀಯನೇ ಮುದುಕಿ?”

ಸರಿ ಅಂತ ಡಬ್ಬಿ ಮುಚ್ಚಿದೆ. ಪೈಪು ಮೇಲೇರಿಸಿದರು. ಅವನು ಬ್ರಾಂಚಿನ ಜಾಗದಲ್ಲಿ ಅಂಗೈಯಗಲ ಬಣ್ಣ ಉಜ್ಜಿದ, ಬೆರಳಾಡಿಸಿಯೂ ನೋಡದೆ ಗ್ಯಾಸಿನಲ್ಲಿ ತೂತು ಕೊರೆದ, ಕುತ್ತಿಗೆ ಕೂರಿಸಿದ, ಸುತ್ತ ಬೆಸೆದ. ಮುಖವಾಡ ಎತ್ತಿ ಎಲ್ಲರ ಮುಖ ನೋಡಿ ಚಾ ಕುಡಿಯಲು ಕೆಳಗಿಳಿದ. ವೆಲ್ಡಿಂಗಿನ ಮೇಲೆ ಗಟ್ಟಿಯಾಗಿ ಕೂತ ಕಿಟ್ಟ ಕುಟ್ಟಿ ತೆಗೆದು ತಂತಿ ಬ್ರಷ್ಷಿನಲ್ಲಿ ಉಜ್ಜಬೇಕಾದವಳು ನಾನು. ಏಣಿ ಹತ್ತಿದೆ. ಕಾವಿಗೆ ಸುತ್ತಲ ಬಣ್ಣ ಸುಟ್ಟು ಉದುರಿತ್ತು. ಉಜ್ಜಿದೆ. ಬ್ರಾಂಚಿನ ಈಚೆಯಿಂದ ಒಂದು ಗೆರೆ ಬಂದು ಅದರ ಬುಡಕ್ಕೆ ಹೊಕ್ಕು ಆಚೆಯಿಂದ ಹೊರಟಿತ್ತು, ಬೈತಲೆಯ ನಡುವೆ ಬೊಟ್ಟು ಇಟ್ಟ ಹಾಗೆ. ಹೊಲಿಗೆ.

ಕೆಳಗೆ ಮೇಜು ತೊಳೆಯಲು ಬಂದ ಹೆಂಗಸರಿದ್ದರು, ನನ್ನ ಮಗಳೂ ಇದ್ದಳು. ನಾನು ಕೂಗಲಿಲ್ಲ. ಇಳಿದು ಹೋಗಿ ಅವನ ಕಿವಿಯ ಹತ್ತಿರ ಹೇಳಿದೆ. ಅವನು ಮೇಲೆ ಹತ್ತಿದ, ಬೆರಳಲ್ಲಿ ತಡವಿದ.

“ಗೀಚು. ಸಾಗಿಸುವಾಗ ಬಿದ್ದ ಗೀಚು.”

“ನಾನು ಉಗುರಿನಲ್ಲಿ ಹೊಲಿಗೆ ಹುಡುಕುವವಳು. ಗೀಚು ಯಾವುದು ಗೊತ್ತಿಲ್ವಾ ನನಗೆ?”

“ಮೆತ್ತಗೆ ಮಾತಾಡು.”

“ಮೆತ್ತಗೇ ಆಡ್ತಿದ್ದೆ. ಕೆಳಗೆ ನನ್ನ ಮಗಳು ಕೂತು ಶೆಟ್ಲಿ ಸುಲೀತಾಳೆ. ಇದನ್ನು ಕತ್ತರಿಸು.”

ಅವನು ನನ್ನನ್ನು ನೋಡಲಿಲ್ಲ. ಸುತ್ತ ಯಾರು ನೋಡುತ್ತಿದ್ದಾರೆ ಅಂತ ನೋಡಿದ. “ನಾಳೆ ನೋಡಿದ್ರೆ ಆತು,” ಅಂದು ಇಳಿದುಹೋದ. ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ. ಅದನ್ನು ಕಂಡು, ಕತ್ತರಿಸುತ್ತಾನೆ ಅಂತ ನನಗೆ ಧೈರ್ಯ ಬಂತು. ಕತ್ತರಿಸಿದ, ಅದರಲ್ಲಿ ಎರಡು ಮಾತಿಲ್ಲ. ಹೇಗೆ ಕತ್ತರಿಸಿದ ಅಂತ ಕೇಳಿ.

ಮಾರನೇ ದಿನ ನೀರಿನ ಪರೀಕ್ಷೆ. ಗುತ್ತಿಗೆದಾರ ಬಂದಿದ್ದ, ಫ್ಯಾಕ್ಟರಿಯವರು ಇದ್ದರು, ಹೆಂಗಸರು ಮೇಜಿನ ಹತ್ತಿರ ನಿಂತಿದ್ದರು, ಅವರ ನಡುವೆ ನನ್ನ ಮಗಳೂ. ಪಂಪು ಶುರುಮಾಡಬೇಕು ಅನ್ನುವಾಗ ಅವನು ಕೈ ಎತ್ತಿದ.

“ನಿಲ್ಸಿ! ಇದು ಹೊಲಿಗೆ ಮೇಲೆ ಕೂತಿದೆ. ನಾನು ಹಿಂಗೆ ಬಿಡೋನಲ್ಲ. ಈ ತುಂಡೇ ಕತ್ತರಿಸಿ ಬೇರೆ ಪೈಪು ಹಾಕ್ತೇನೆ.”

“ನಿಮ್ಮ ಕೈಯಲ್ಲಿ ಹಿಂಗೆ ಆಗೋದುಂಟಾ ಮೇಸ್ತ್ರಿ?” ಗುತ್ತಿಗೆದಾರ ಬಾಯಿ ಕಳೆದ.

ಅವನು ನನ್ನ ಕಡೆ ಬೆರಳು ತೋರಿಸಿದ. “ಇವಳು ಗೆರೆ ಒರೆಸಿ ಹಾಕಿದ್ದಾಳೆ. ಗೆರೆ ಇಲ್ದೆ ನಾನೆಂತ ಮಾಡ್ಲಿ? ಪುಣ್ಯ, ನನ್ನ ಕಣ್ಣಿಗೆ ಬಿತ್ತು.”

ಬರೆಯುವಾಗ ಈಗಲೂ ನನ್ನ ಕೈ ಬಿಸಿಯಾಗುತ್ತದೆ. ಅವನ ಕಣ್ಣಿಗೆ ಬಿತ್ತಂತೆ!

“ಯಾರು ಒರೆಸಿದ್ದು? ಮೇಲೆ ಬಣ್ಣ ಹೊಡೆಸಿದ್ದು ಯಾರು? ಮತ್ತೆ ಎಳೀತೆ ಅಂದಾಗ ಬ್ಯಾಡ ಅಂದದ್ದು ಯಾರು?” ಅಂತ ನಾನು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಎಲ್ಲರೂ ಅವನ ಮುಖ ನೋಡಿದರು. ಅವನು ಆಗಲೇ ಮುಖವಾಡ ಇಳಿಸಿ ಗ್ಯಾಸು ಹಚ್ಚಿದ್ದ. “ಹೋಗ್ಲಿ ಬಿಡು ನಾಗಕ್ಕ, ನಾಳೆಯಿಂದ ನೀನು ಬರೋದು ಬೇಡ,” ಅಂದ ಗುತ್ತಿಗೆದಾರ. ಮುಖವಾಡದ ಮುಂದೆ ಕಿಡಿ ಹಾರುತ್ತಲೇ ಇತ್ತು. ಎಷ್ಟೋ ಜನ ನನಗೆ ಹೇಳಿದ್ದಾರೆ, ‘ಹೇಗೋ ಕತ್ತರಿಸಿದನಲ್ಲ, ಹತ್ತು ಹೆಂಗಸರ ಜೀವ ಉಳೀತಲ್ಲ’ ಅಂತ. ಉಳಿಯಿತು. ಅದು ಕತ್ತರಿಸಿದ್ದರಿಂದ ಉಳಿಯಿತು, ಸುಳ್ಳು ಹೇಳಿದ್ದರಿಂದ ಅಲ್ಲ. ‘ನಾನು ತಪ್ಪಿದೆ’ ಅಂದು ಕತ್ತರಿಸಿದ್ದರೂ ಅಷ್ಟೇ ಉಳಿಯುತ್ತಿತ್ತು.

ಮನೆಗೆ ಬಂದ ಮೇಲೆ ಮಗಳು ಕೇಳಿದ್ದೇನು ಗೊತ್ತಾ? “ಆಯಿ, ಗೆರೆ ಎಂತಕ್ಕೆ ಒರೆಸಿದೆ?”

ಅವಳ ಅನ್ನದ ಬಟ್ಟಲು ಅವಳ ಮುಂದಿಟ್ಟು ನಾನು ಹೊರಗೆ ಹೋಗಿ ಕೂತೆ.

ಆಮೇಲೆ ಕೆಲಸ ಹುಡುಕಿಕೊಂಡು ಹೊನ್ನಾವರಕ್ಕೆ ಹೋದೆ, ಭಟ್ಕಳಕ್ಕೆ ಹೋದೆ. ನನಗಿಂತ ಮೊದಲೇ ಸುದ್ದಿ ಹೋಗಿ ಕೂತಿತ್ತು. “ಬಾ ಬಾ ನಾಗಕ್ಕ, ಇಲ್ಲಿ ಒರೆಸೋದಕ್ಕೆ ನೆಲ ಉಂಟು,” ಅಂದ ಒಬ್ಬ. ಕಡೆಗೆ ಕುಮಟೆಯ ಒಂದು ಮದುವೆ ಹಾಲಿನಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಪಾತ್ರೆಗೆ ಹೊಲಿಗೆ ಇರುವುದಿಲ್ಲ, ಬಿಡಿ.

ಅವನು ಒಮ್ಮೆ ನಮ್ಮ ಮನೆಗೆ ಬಂದ. ಗಾಡಿಯಲ್ಲಿ ಒಂದು ಕಬ್ಬಿಣದ ಗೇಟು. ನಾನು ಕೇಳಿರಲಿಲ್ಲ. ಕೋಳಿ ಗೂಡಿನವರ ಕೆಲಸ ಅಂತ ಆಡಿಕೊಳ್ಳುತ್ತಿದ್ದವನು ತಾನೇ ಕೂತು ಗೇಟು ಮಾಡಿದ್ದ, ನವಿಲು ಬೇರೆ ಕೂರಿಸಿದ್ದ. ನಮ್ಮ ಹಿತ್ತಿಲಿಗೆ ಬೇಲಿಯೇ ಅರ್ಧ. ಎರಡು ಕಂಬ ಹುಗಿದು ಗೇಟು ನಿಲ್ಲಿಸಿದ. ನಾನು ಜಗಲಿಯಲ್ಲಿ ನಿಂತು ನೋಡಿದೆ.

“ಇದೆಂತಕ್ಕೆ?”

“ದನ ಬರ್ತದಲ್ಲ.”

“ದನ ಆ ಬದಿಯಿಂದ ಬರ್ತದೆ. ಅಲ್ಲಿ ಬೇಲಿ ಇಲ್ಲ.”

ಅವನು ಆ ಬದಿ ನೋಡಿದ, ಗೇಟು ನೋಡಿದ, ಕುಡಿಯಲು ನೀರು ಕೇಳಿದ. ಕೊಟ್ಟೆ. ಚೊಂಬು ಕೆಳಗಿಟ್ಟು ಏನೋ ಹೇಳುವವನ ಹಾಗೆ ನಿಂತ. ನಾನೂ ನಿಂತೆ. “ಬಣ್ಣ ಹೊಡಿ ಇದಕ್ಕೆ, ಇಲ್ಲದಿದ್ರೆ ತುಕ್ಕು ಹಿಡೀತದೆ,” ಅಂತ ಹೇಳಿ ಹೋದ. ಕೇರಿಯವರೆಲ್ಲ, ‘ಎಷ್ಟು ದೊಡ್ಡ ಮನಸ್ಸು ನೋಡು, ಕೆಲಸ ಕೆಡಿಸಿದವಳಿಗೂ ಗೇಟು ಮಾಡಿಕೊಟ್ಟ’ ಅಂದರು. ನನಗೆ ಬೇಕಾಗಿದ್ದದ್ದು ನಾಲ್ಕು ಶಬ್ದ, ಜನರೆದುರು. ಅವನು ತಂದದ್ದು ನವಿಲು.

ಅವನ ಹೆಂಡತಿ ಉತ್ತರಕ್ರಿಯೆಯ ದಿವಸದ ಊಟಕ್ಕೆ ಹೇಳಿ ಕಳಿಸಿದಳು. ಹೋಗುವ ಮನಸ್ಸಿರಲಿಲ್ಲ. “ಎಷ್ಟೆಂದ್ರೂ ನಿನಗೆ ಅನ್ನ ಕೊಟ್ಟವರು ಆಯಿ,” ಅಂತ ಮಗಳು ಎಳೆದುಕೊಂಡು ಹೋದಳು. ಅವನು ಅನ್ನ ಕೊಟ್ಟದ್ದಲ್ಲ, ನಾನು ದುಡಿದದ್ದು. ಇರಲಿ.

ಅವನ ಮನೆ ಅಂಗಳಕ್ಕೆ ಚಪ್ಪರ ಹಾಕಿ ಎಲೆ ಹಾಸಿದ್ದರು. ನಮ್ಮ ಎದುರು ಸಾಲಿನಲ್ಲಿ ಆ ಗುತ್ತಿಗೆದಾರ. ಬ್ಯಾನರ್ ಬರೆಸಿದವನೂ ಅವನೇ ಅಂತೆ. ಅನ್ನ ಕಲಸುತ್ತ ಪಕ್ಕದವರಿಗೆ ಕತೆ ಹೇಳುತ್ತಿದ್ದ. “ಎಂಥಾ ಕಣ್ಣು ಅವರದು! ಬಾಡದ ದಾರಿಯ ಫ್ಯಾಕ್ಟರಿಯಲ್ಲಿ ಕೆಲಸದವಳೊಬ್ಬಳು ಗೆರೆ ಒರೆಸಿಬಿಟ್ಟಿದ್ಲು. ಬೇರೆಯವರಾದ್ರೆ ಗೊತ್ತೇ ಆಗ್ತಿರ್ಲಿಲ್ಲ. ಇವರು ಪಂಪು ನಿಲ್ಸಿ, ತಾನೇ ಮಾಡಿದ್ದನ್ನ ತಾನೇ ಕತ್ತರಿಸಿದ್ರು.” ಕೆಲಸದವಳು ಎದುರಿಗೆ ಕೂತಿದ್ದಾಳೆ ಅಂತ ಅವನಿಗೆ ಗುರುತೂ ಸಿಗಲಿಲ್ಲ.

ನಾನು ಎಲೆ ಬಿಟ್ಟು ಎದ್ದೆ. “ಆಯಿ, ಕೂತ್ಕೋ,” ಅಂತ ಮಗಳು ಸೆರಗು ಹಿಡಿದಳು. ಕೊಡವಿ ಸೀದಾ ಹಿಂದೆ ಅಡುಗೆ ಮಾಡಿದ್ದ ಕೊಟ್ಟಿಗೆಗೆ ಹೋದೆ. ಅವನ ಹೆಂಡತಿ ಅಲ್ಲಿ ಬಡಿಸುವವರಿಗೆ ಪಾಯಸ ಮೊಗೆದು ಕೊಡುತ್ತಿದ್ದಳು.

“ನಿನ್ನ ಗಂಡನ ಕತೆ ಹೇಳ್ತಿದ್ದಾರೆ ಹೊರಗೆ. ನಾನು ಗೆರೆ ಒರೆಸಿದವಳಂತೆ.”

ಅವಳು ಸೌಟು ಕೆಳಗಿಡಲಿಲ್ಲ. “ಗೊತ್ತು ನಾಗಕ್ಕ. ಅವರು ಅವತ್ತೇ ಬಂದು ಹೇಳಿದ್ರು ನನ್ನ ಹತ್ರ. ಹೋಗಿ ಹೇಳಿ ಬನ್ನಿ ಅವಳಿಗೆ ಅಂತ ನಾನು ಎಷ್ಟು ಸಲ ಅಂದೆ. ‘ನಾಗಕ್ಕನಿಗೆ ಗೊತ್ತುಂಟಲ್ಲ’ ಅಂತಿದ್ರು.”

“ನನಗೆ ಗೊತ್ತುಂಟು ಮಾರಾಯ್ತಿ! ನನಗೆ ಹೇಳೋದಕ್ಕೆ ಎಂತ ಉಂಟು ಅದರಲ್ಲಿ? ಗೊತ್ತಿಲ್ದವರು ಹೊರಗೆ ಕೂತಿದ್ದಾರೆ. ಅವರಿಗೆ ಹೇಳು.”

“ಇವತ್ತು ಬೇಡ.”

“ಇವತ್ತು ಎಲ್ಲರೂ ಇದ್ದಾರೆ. ನಾಳೆ ಯಾರಿಗೆ ಹೇಳ್ತೀಯ, ಗೋಡೆಗಾ?”

ಅವಳು ಪಾಯಸದ ಪಾತ್ರೆಗೆ ಮುಚ್ಚಳ ಇಟ್ಟಳು. ಅವಳಿಗೂ ಅವನ ಜೊತೆ ಬದುಕಿ ಸಾಕಾಗಿತ್ತೇನೋ. ಸೌಟು ಹಿಡಿದುಕೊಂಡೇ ಚಪ್ಪರಕ್ಕೆ ನಡೆದಳು, ಸಾಲಿನ ನಡುವೆ ನಿಂತಳು, ಅವಳ ಹಿಂದೆ ನಾನು. ಅವಳ ದನಿ ಸಣ್ಣದು, ಆದರೆ ಸಾವಿನ ಮನೆಯಲ್ಲಿ ಹೆಂಡತಿ ಮಾತಾಡಿದರೆ ಎಲ್ಲರೂ ಕೇಳುತ್ತಾರೆ.

“ಆ ಗೆರೆ ನಾಗಕ್ಕ ಒರೆಸಿದ್ದಲ್ಲ. ಮೇಲೆ ಬಣ್ಣ ಹೊಡೆಸಿ ಮುಚ್ಚಿದ್ದು ನಮ್ಮನೆಯವರು. ತಪ್ಪು ಕಂಡು ಹಿಡಿದದ್ದು ನಾಗಕ್ಕ. ಅವರೇ ನನಗೆ ಹೇಳಿದ್ದು.”

ಎಲ್ಲರ ಕೈಗಳು ಎಲೆಯ ಮೇಲೆ ನಿಂತವು. ಗುತ್ತಿಗೆದಾರ ನನ್ನನ್ನು ನೋಡಿದ, ಅವಳನ್ನು ನೋಡಿದ, ಕೆಮ್ಮಿದ. “ಅದೆಲ್ಲ ಹಳೇ ಮಾತು ಅಕ್ಕ. ಆದದ್ದು ಆತು. ಪಾಯಸ ಬರ್ಲಿ,” ಅಂದ. ಪಾಯಸ ಬಂತು. ಮತ್ತೆ ಕೈಗಳು ಓಡಾಡಿದವು. ಗೆರೆ ಒರೆಸಿದೆ ಅಂತ ಹೇಳುವುದಕ್ಕೆ ಅವರಿಗೆ ಇಷ್ಟು ವರ್ಷ ಸಾಲಲಿಲ್ಲ, ಒರೆಸಲಿಲ್ಲ ಅಂತ ಕೇಳುವುದಕ್ಕೆ ಒಂದು ಸೌಟು ಪಾಯಸದಷ್ಟು ಹೊತ್ತು ಸಾಕಾಯಿತು.

ನಾನು ಎಲೆಗೆ ಹೋಗಿ ಕೂತು ಊಟ ಮುಗಿಸಿದೆ. ಬಿಟ್ಟು ಬರುವುದಕ್ಕೆ ನಾನೇನು ತಪ್ಪು ಮಾಡಿದವಳಲ್ಲ.

ಕುಮಟೆ ಬಸ್ಸಿಗೆ ಕಾಯುವಾಗ ಮಗಳು ಚೀಲದಿಂದ ಚಿಲ್ಲರೆ ತೆಗೆದು ಎಣಿಸಿದಳು. ಆಮೇಲೆ ಹೇಳಿದಳು, “ಆಯಿ, ನೀನು ಅವತ್ತೇ ಹೇಳ್ಬೇಕಿತ್ತು.”

“ಹೇಳಿದ್ದೆ,” ಅಂದೆ. “ನೀನು ಅಲ್ಲೇ ನಿಂತಿದ್ದೆ.”